ಹಳದಿಯ ದಿನ ನೀಲಿ ಬೆರಳು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿಯಿತು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರೂ "ಬಣ್ಣದಕ್ಕಾ, ಸ್ವಲ್ಪ ಇಲ್ಲಿ ನೋಡಮ್ಮ" ಎಂದೇ ಕರೆಯುವುದು. ಹಾಗೆ ಕರೆಸಿಕೊಳ್ಳುವ ಹಕ್ಕನ್ನು ಅವಳು ಸುಮ್ಮನೆ ಪಡೆದಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದವಳು, ಸೇರಿದ ವಾರವೇ ಎರಡು ಕಪ್ಪು ಪರದೆಗಳನ್ನು ಎತ್ತಿ ಹಿಡಿದು, "ಇವೆರಡೂ ಒಂದೇ ಕಪ್ಪಲ್ಲ, ಇದರಲ್ಲಿ ಹಸಿರು ಸೇರಿದೆ" ಎಂದುಬಿಟ್ಟಳು. ಯಜಮಾನರು ಬಟ್ಟೆಯನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದರು, ಹೊಸಬಳ ಬಾಯಿಂದ ಇಂಥ ಮಾತೇ ಎಂದು ಮುಖ ಊದಿಸಿಕೊಂಡರು, ಸಂಜೆಯಷ್ಟರಲ್ಲಿ ಅವಳನ್ನು ಬಣ್ಣ ಹೊಂದಿಸುವ ಮೇಜಿಗೆ ವರ್ಗ ಮಾಡಿದರು. ಅಲ್ಲಿಂದ ಇಪ್ಪತ್ತೊಂಬತ್ತು ವರ್ಷ ಆ ಮೇಜು ಅವಳದೇ.

ಅಲ್ಲಿನ ವಾರಕ್ಕೊಂದು ಕ್ರಮವಿತ್ತು. ಸೋಮವಾರ ತಿಳಿ ಬಣ್ಣಗಳಿಂದ ಶುರು: ಕೆನೆ ಬಣ್ಣ, ಹಳದಿ. ಆಮೇಲೆ ಕಿತ್ತಳೆ, ಕೆಂಪು, ಹಸಿರು. ಶುಕ್ರವಾರ ನೀಲಿ, ಶನಿವಾರ ಕಪ್ಪು. ಹೀಗೆ ಹೋದರೆ ತೊಟ್ಟಿಗಳನ್ನು ದಿನಾ ಉಜ್ಜುವ ಗೋಳಿಲ್ಲ, ನಿನ್ನೆಯ ತಿಳಿ ಇವತ್ತಿನ ಗಾಢದಲ್ಲಿ ಮುಳುಗಿಹೋಗುತ್ತದೆ. ವಾರದ ಕೊನೆಗೆ ಅಲ್ಲಿ ಕೆಲಸ ಮಾಡುವ ಏಳು ಹೆಂಗಸರ ಕೈಯೂ ನೀಲಿಗಪ್ಪು. ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಆದ್ದರಿಂದ ಸೋಮವಾರ ಬೆಳಿಗ್ಗೆ ಯಾರ ಬೆರಳು ನೀಲಿಯಾಗಿದ್ದರೂ "ಶನಿವಾರದ್ದು" ಎಂದು ಎಲ್ಲರೂ ಸುಮ್ಮನಾಗುವರು. ಇಷ್ಟೊಂದು ಬಣ್ಣ ಬಲ್ಲ ಜನ ಇಷ್ಟು ದಡ್ಡರಾಗುವುದು ಹೇಗೆ ಎಂದು ಕೇಳಬೇಡಿ. ತಮ್ಮ ಕೈಯನ್ನು ತಾವೇ ನೋಡಿಕೊಳ್ಳುವಷ್ಟು ಪುರುಸೊತ್ತು ಅವರಲ್ಲಿ ಯಾರಿಗೂ ಇರಲಿಲ್ಲ.

ಬಣ್ಣದಕ್ಕನ ಮೈ ಮೂರು ವರ್ಷಗಳಿಂದ ಏನೇನೋ ಹೇಳುತ್ತಲೇ ಇತ್ತು. ಕೆನ್ನೆ ಕೆಂಪಗೆ ಉರಿಯುತ್ತಿತ್ತು, ಕುದಿಯುವ ತೊಟ್ಟಿಯ ಆವಿಗೆ ಹಾಗಾಗುತ್ತದೆ ಎಂದರು. ಬೆಳಿಗ್ಗೆ ಎದ್ದರೆ ಬೆರಳ ಗಿಣ್ಣುಗಳು ಮಡಚಲು ಬರುತ್ತಿರಲಿಲ್ಲ, ಒದ್ದೆ ಬಟ್ಟೆ ಹಿಂಡಿದವರಿಗೆಲ್ಲ ಇದ್ದದ್ದೇ ಎಂದರು. ಬಾಚಣಿಗೆಯಲ್ಲಿ ಹಿಡಿಗಟ್ಟಲೆ ಕೂದಲು ಬಂದರೆ ಬ್ಲೀಚಿನ ಗಾಳಿ, ಬಾಯಲ್ಲಿ ಹುಣ್ಣಾದರೆ ಉಷ್ಣ. ಕಾರ್ಖಾನೆಯೊಂದು ಇದ್ದುಬಿಟ್ಟರೆ ಎಷ್ಟು ಅನುಕೂಲ ನೋಡಿ, ಯಾವ ಕಾಯಿಲೆಗೂ ಬೇರೆ ಕಾರಣ ಹುಡುಕುವ ಶ್ರಮವೇ ಇಲ್ಲ.

ಆಮೇಲೆ ಒಂದು ದಿನ ಮೆಟ್ಟಿಲ ನಡುವೆ ಕಾಲು ಏಳದೆ ಕೂತುಬಿಟ್ಟಳು. ತೊಡೆಯ ತುಂಬ, ಎಲ್ಲೂ ತಗುಲಿಸಿಕೊಳ್ಳದೆಯೇ, ಕಂದಿದ ಕಲೆಗಳು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಶಾಲೆಯ ವ್ಯಾನ್ ಓಡಿಸುವ ಅವಳ ಗಂಡ ಅವತ್ತು ಮಕ್ಕಳನ್ನೆಲ್ಲ ಇಳಿಸಿ, ಅದೇ ವ್ಯಾನಿನಲ್ಲಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಮೂರು ವಾರ ಅಲ್ಲೇ ಮಲಗಿದಳು. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್, ಮೂರೂ ನೆಲ ಕಚ್ಚಿದ್ದವು. ಸೊಂಟದ ಮೂಳೆಗೆ ದಬ್ಬಣದಂಥ ಸೂಜಿ ಚುಚ್ಚಿ ಒಳಗಿನ ಮಜ್ಜೆ ತೆಗೆದು ನೋಡಿದರು. ರಕ್ತದ ಡಾಕ್ಟರು, ತೆಳ್ಳಗಿನ ಅವಸರದ ಮನುಷ್ಯ, ಮಂಚದ ಪಕ್ಕ ನಿಂತು ಹೇಳಿದರು:

"ರಕ್ತ ತಯಾರಾಗೋದು ಮಜ್ಜೆಯಲ್ಲಿ ಅಮ್ಮಾ. ನಿಮ್ಮ ಮಜ್ಜೆ ಹೆಚ್ಚುಕಮ್ಮಿ ಖಾಲಿಯಾಗಿದೆ. ಏನು ಕೆಲಸ ಮಾಡ್ತೀರಿ?"

"ಬಟ್ಟೆಗೆ ಬಣ್ಣ ಹಾಕ್ತೀವಿ ಸಾರ್. ಇಪ್ಪತ್ತೊಂಬತ್ತು ವರ್ಷ ಆಯ್ತು."

ಡಾಕ್ಟರು "ಹೂಂ" ಎಂದು ಕಾಗದದ ಮೇಲೆ ಏನೋ ಗೀಚಿದರು. ಆ ಒಂದು ಹೂಂಕಾರದಲ್ಲಿ ಕಾರಣ ಹುಡುಕುವ ಕೆಲಸ ಮುಗಿದುಹೋಯಿತು. ರಾಸಾಯನಿಕಗಳು ಮಜ್ಜೆಯನ್ನು ತಿಂದಿವೆ. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದನ್ನು ತಂದು ಹಾಕಬೇಕು. ಅದಕ್ಕೆ ಮೊದಲು ಇವಳೊಳಗೆ ಉಳಿದಿರುವ ಚೂರುಪಾರು ಮಜ್ಜೆಯನ್ನೂ ಔಷಧ ಕೊಟ್ಟು ಪೂರ್ತಿ ಅಳಿಸಬೇಕು.

"ಅಳಿಸಿದ ಮೇಲೆ ನನ್ನ ತಮ್ಮನದು ಹಿಡೀದೇ ಇದ್ರೆ?" ಎಂದು ಕೇಳಿದಳು.

ಡಾಕ್ಟರು ಸುಳ್ಳು ಹೇಳುವವರಲ್ಲ. "ಆಗ ಕಷ್ಟ. ಹಳೇದೂ ಇರೋದಿಲ್ಲ, ಹೊಸದೂ ಇರೋದಿಲ್ಲ," ಎಂದರು.

ಅವಳಿಗೆ ಒಬ್ಬನೇ ತಮ್ಮ. ಬಸ್ ನಿಲ್ದಾಣದ ಎದುರು ಕಟಿಂಗ್ ಶಾಪ್ ಇಟ್ಟವನು. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು ಇವಳೇ. ಅವನ ಮಜ್ಜೆ ಸರಿಯಾಗಿ ಹೊಂದಿತು. ತೋಳು ಮಡಚಿ ಮಾಂಸಖಂಡ ಉಬ್ಬಿಸಿ, "ಎಷ್ಟು ಬೇಕಾದ್ರೂ ತಗೊಳ್ಳಿ ಸಾರ್, ನಮ್ಮಕ್ಕ ಹಾಕಿದ ಅನ್ನದಿಂದಾನೇ ಬೆಳೆಸಿದ್ದು" ಎಂದು ಅವನು ಹೇಳಿದಾಗ ವಾರ್ಡಿಗೆ ವಾರ್ಡೇ ನಕ್ಕಿತು. ಮಜ್ಜೆ ಹಾಕಲು ಐದು ವಾರದ ಆಚೆಗೆ ತಾರೀಖು ಗೊತ್ತುಮಾಡಿದರು. ಅಷ್ಟರವರೆಗೆ ಆಗಾಗ ರಕ್ತ ಏರಿಸಿಕೊಂಡು ಮನೆಯಲ್ಲಿರು, ಕಾರ್ಖಾನೆ ಕಡೆ ತಲೆ ಹಾಕಿಯೂ ಮಲಗಬೇಡ ಎಂದು ಕಳಿಸಿದರು.

ತಲೆ ಹಾಕದೆ ಇರುತ್ತಾಳೆಯೇ? ಮೇಜಿನ ಕೆಲಸವನ್ನು ಯಾರಿಗಾದರೂ ಒಪ್ಪಿಸಬೇಕಿತ್ತು. ಸೋಮವಾರ ಬೆಳಿಗ್ಗೆ ಗಂಡ ವ್ಯಾನ್ ತೆಗೆದುಕೊಂಡು ಹೊರಟಿದ್ದೇ ತಡ, ಮೂಗಿಗೆ ಬಟ್ಟೆ ಕಟ್ಟಿಕೊಂಡು ರಿಕ್ಷಾ ಹತ್ತಿದಳು. ತನ್ನ ಜಾಗಕ್ಕೆ ಬರಬೇಕಾಗಿದ್ದ ಚಿಕ್ಕವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ತುಂಡು ಬಟ್ಟೆಯನ್ನು ಹಳದಿಯಲ್ಲಿ ಅದ್ದಿ ತೆಗೆದಳು. ಹಳದಿ ಬಲು ಮೋಸದ ಬಣ್ಣ, ತಣ್ಣೀರಲ್ಲಿ ಜಾಲಾಡಿ ನೋಡದೆ ನಂಬಬಾರದು ಎಂದು ಹೇಳಿಕೊಡುತ್ತ, ಅಭ್ಯಾಸಬಲದಿಂದ ತಾನೇ ಕೈಯನ್ನು ತಣ್ಣೀರ ತೊಟ್ಟಿಗೆ ಇಳಿಸಿದಳು.

ಎತ್ತಿದಾಗ ಬೆರಳ ತುದಿಗಳು ಸುಣ್ಣ ಬಳಿದಂತೆ ಬಿಳಿಚಿದ್ದವು. ನೋಡುತ್ತಿದ್ದಂತೆ ಉಗುರಡಿಯಿಂದ ನೀಲಿ ಏರತೊಡಗಿತು.

"ಅಕ್ಕಾ, ನೀಲಿ ಎಲ್ಲಿ ಮುಟ್ಟಿದ್ರಿ?" ಎಂದಳು ಚಿಕ್ಕವಳು, ಬೇರೆ ತೊಟ್ಟಿಗಳ ಕಡೆ ನೋಡುತ್ತ.

"ನೀಲಿ ಎಲ್ಲಿದೆ ಇವತ್ತು?"

"ಇಲ್ಲ. ಇವತ್ತು ಬರೀ ಹಳದಿ. ನಿಮ್ಮ ಶನಿವಾರದ್ದು ಇರ್ಬೇಕು."

"ನಾನು ಶನಿವಾರ ನೋಡಿ ತಿಂಗಳಾಯ್ತು ಕಣೇ. ಮೂರು ವಾರ ಆಸ್ಪತ್ರೇಲಿ ದಿನಾ ಡೆಟ್ಟಾಲ್ ಹಾಕಿ ಒರೆಸಿದ್ದಾರೆ."

ಇಬ್ಬರೂ ಆ ಬೆರಳುಗಳನ್ನೇ ನೋಡುತ್ತ ನಿಂತರು. ಬಣ್ಣದಕ್ಕ ಒಂದು ಬೆರಳನ್ನು ಸೆರಗಿನಿಂದ ಉಜ್ಜಿ ನೋಡಿದಳು. ಇದು ಬಣ್ಣವಲ್ಲ. ಯಾವತ್ತೂ ಬಣ್ಣವಾಗಿರಲಿಲ್ಲವೇನೋ. ಎಷ್ಟು ಸೋಮವಾರ ಈ ನೀಲಿಯನ್ನು ತಾನು ಬ್ಲೀಚಿನ ನೀರಲ್ಲಿ ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಂಡಿಲ್ಲ! ಅದರಲ್ಲೂ ಡಾಕ್ಟರ ಹತ್ತಿರ ಹೋಗುವ ದಿನ ಎರಡೆರಡು ಸಲ, ಕೊಳಕು ಕೈ ತೋರಿಸಬಾರದೆಂದು. ಅವಳಿಗೆ ಮೊದಲು ಬಂದದ್ದು ಸಿಟ್ಟು, ತನ್ನ ಮೇಲೇ. ಪರದೆಯ ಕಪ್ಪಿನಲ್ಲಿ ಅಡಗಿದ ಹಸಿರನ್ನು ಕಂಡು ಹಿಡಿದ ಕಣ್ಣು ಇಷ್ಟು ದಿನ ಎಲ್ಲಿಗೆ ಹೋಗಿತ್ತು? ಆಮೇಲೆ ಬಂದದ್ದು ಹಟ. ಇದರ ಕಾರಣ ತಿಳಿಯದೆ ನನ್ನ ಮಜ್ಜೆ ಅಳಿಸಲು ಯಾರಿಗೂ ಬಿಡುವುದಿಲ್ಲ ಎಂದು ಅಲ್ಲೇ, ಆ ಹಳದಿ ತೊಟ್ಟಿಯ ಪಕ್ಕದಲ್ಲೇ, ನಿಶ್ಚಯಿಸಿದಳು.

ಮರುದಿನ ಗಂಡನ ಜೊತೆ ರಕ್ತದ ಡಾಕ್ಟರ ಮುಂದೆ ಕೂತಳು. ಹೇಳಿದ್ದೆಲ್ಲ ಕೇಳಿ ಅವರು ಅವಳ ಕೈಗಳನ್ನು ತಿರುಗಿಸಿ ನೋಡಿದರು. ಕೋಣೆ ಬೆಚ್ಚಗಿತ್ತು, ಬೆರಳುಗಳೂ ಸರಿಯಾಗಿಯೇ ಇದ್ದವು.

"ಕಾರ್ಖಾನೆಯಲ್ಲಿ ಏನಾದ್ರೂ ಮೆತ್ತಿರುತ್ತೆ ಅಮ್ಮಾ."

"ಅಲ್ಲ ಸಾರ್. ಒಂದು ಬೋಗುಣಿ ನೀರು, ನಾಲ್ಕು ತುಂಡು ಐಸು ತರಿಸಿ. ಇಲ್ಲೇ ತೋರಿಸ್ತೀನಿ."

"ಹೊರಗೆ ಇನ್ನೂ ಇಪ್ಪತ್ತು ಜನ ಕಾದಿದ್ದಾರೆ."

"ನಾನೂ ಕಾದೇ ಒಳಗೆ ಬಂದಿರೋದು ಸಾರ್. ಇನ್ನು ನಾಲ್ಕು ವಾರಕ್ಕೆ ನನ್ನ ಮಜ್ಜೆ ಅಳಿಸ್ತೀರಿ. ಅದಕ್ಕೆ ಮುಂಚೆ ಹತ್ತು ನಿಮಿಷ ಕೊಡೋಕಾಗಲ್ವಾ?"

ಗಂಡ ಕುರ್ಚಿಯಲ್ಲೇ ಕುಗ್ಗಿಹೋದ. ದೊಡ್ಡ ಡಾಕ್ಟರ ಎದುರು ಹೀಗೆ ಮಾತಾಡುವುದುಂಟೇ! ಆದರೆ ಅವಳು ಜಪ್ಪಯ್ಯ ಎಂದರೂ ಏಳುವವಳಲ್ಲ ಎಂಬುದು ಡಾಕ್ಟರಿಗೂ ಕಂಡಿತು. ನರ್ಸಮ್ಮ ಇಂಜೆಕ್ಷನ್ ಇಡುವ ಪೆಟ್ಟಿಗೆಯ ಐಸನ್ನೇ ಒಂದು ಸ್ಟೀಲ್ ಬೋಗುಣಿ ನೀರಿಗೆ ಸುರಿದು ತಂದಳು. ಬಣ್ಣದಕ್ಕ ಸೆರಗು ಸಿಕ್ಕಿಸಿ, ಎರಡೂ ಕೈ ಮುಳುಗಿಸಿ, ಬಟ್ಟೆ ಜಾಲಾಡುವಷ್ಟು ಹೊತ್ತು ಇಟ್ಟು ಮೇಲೆತ್ತಿದಳು. ಬಿಳಿ. ಆಮೇಲೆ ನೀಲಿ. ಬಿಸಿ ಉಸಿರು ಊದಿಕೊಂಡಾಗ ಉರಿಯುವ ಕೆಂಪು.

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ಕೀಲು ಹಿಡಿದುಕೊಳ್ಳುತ್ತಾ?"

"ಅದು ಬಟ್ಟೆ ಹಿಂಡಿ ಹಿಂಡಿ ಸಾರ್," ಎಂದ ಗಂಡ, ಹೆಂಡತಿಯ ಪರವಾಗಿ.

"ಬಾಯಲ್ಲಿ ಹುಣ್ಣು?"

"ಉಷ್ಣಕ್ಕೆ ಆಗಾಗ ಬರುತ್ತೆ ಸಾರ್."

"ಕೆನ್ನೆ ಕೆಂಪಗಾಗೋದು?"

"ಅದು ಆವಿಗೆ..."

"ಕೂದಲು?"

ಗಂಡ ಈ ಸಲ ಹೆಂಡತಿಯ ತೆಳುವಾದ ಬೈತಲೆಯ ಕಡೆ ನೋಡಿದ. ತಾನು ಹೇಳುತ್ತಿರುವ ಉತ್ತರಗಳು ತನಗೇ ಕೇಳಿಸತೊಡಗಿದ್ದವು.

"ನಿಮ್ಮ ಜೊತೆ ಕೆಲಸ ಮಾಡೋ ಬೇರೆಯವರಿಗೆ ಇದೆಲ್ಲ ಇದೆಯಾ?" ಎಂದು ಡಾಕ್ಟರು ಅವಳನ್ನೇ ಕೇಳಿದರು.

ಅವಳು ಒಬ್ಬೊಬ್ಬರನ್ನಾಗಿ ನೆನೆದುಕೊಂಡಳು. "ಒಬ್ಬಳಿಗೆ ಕೀಲುನೋವಿದೆ. ಇನ್ನೊಬ್ಬಳಿಗೆ ಕೂದಲು ಉದುರುತ್ತೆ. ಎಲ್ಲಾನೂ ಒಬ್ಬಳಿಗೇ ಇರೋದು ಅಂದ್ರೆ ನಂಗೇ ಸಾರ್."

ಡಾಕ್ಟರು ಅವಳ ಹಳೆಯ ಫೈಲನ್ನು ಮುಚ್ಚಿದರು. "ಈ ಪ್ರಶ್ನೆಗಳನ್ನ ನಾನು ಮೊದಲ ದಿನವೇ ಕೇಳಬೇಕಿತ್ತು. ನೀವು ಬಣ್ಣ ಅಂದ್ರಿ, ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆ," ಎಂದರು. ಅಂಥ ಮಾತನ್ನು ರೋಗಿಯ ಮುಂದೆ ಹೇಳುವ ಡಾಕ್ಟರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಅವರ ಮೇಲೆ ಅವಳಿಗೆ ಇದ್ದ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಮತ್ತೆ ರಕ್ತ ತೆಗೆದರು, ಬೇರೆ ಪರೀಕ್ಷೆಗಳಿಗೆ. ಐದನೆಯ ದಿನ ಕರೆಸಿ ಕಾಯಿಲೆಯ ಹೆಸರು ಹೇಳಿದರು: ಲೂಪಸ್. ಮೈಯನ್ನು ಹೊರಗಿನ ರೋಗಾಣುಗಳಿಂದ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಮೈಯ ಮೇಲೆ ಬೀಳುವುದು. ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಬಡಿದ ಹಾಗೆ. ಸಾಮಾನ್ಯವಾಗಿ ಕೀಲು, ಚರ್ಮ, ಮೂತ್ರಪಿಂಡದ ತಂಟೆಗೆ ಹೋಗುತ್ತದೆ. ತಣ್ಣಗೆ ತಗುಲಿದರೆ ಬೆರಳ ರಕ್ತನಾಳ ಬಿಗಿದು ನೀಲಿಯಾಗುವುದೂ ಅದರದೇ ಒಂದು ಗುರುತು. ಅಪರೂಪಕ್ಕೆ ಮೂಳೆಯೊಳಗೇ ನುಗ್ಗಿ ಮಜ್ಜೆಯನ್ನು ಬಡಿಯುತ್ತದೆ, ಆಗ ನೋಡಿದವರಿಗೆ ಅದು ರಕ್ತದ ಕಾಯಿಲೆಯಂತೆಯೇ ಕಾಣುತ್ತದೆ.

"ಹಾಗಾದ್ರೆ ನನ್ನ ಮಜ್ಜೆ ಸತ್ತಿಲ್ಲ?"

"ಸತ್ತಿದೆಯೋ, ಏಟು ತಿಂದು ಬಿದ್ದುಕೊಂಡಿದೆಯೋ, ಈಗಲೇ ಹೇಳೋಕಾಗಲ್ಲ. ಬಡಿಯೋ ಕೈಯನ್ನ ಔಷಧದಿಂದ ಹಿಡಿದು ನೋಡಬೇಕು. ಬಿದ್ದುಕೊಂಡಿದ್ರೆ ಏಳುತ್ತೆ."

"ಹಿಡೀರಿ ಸಾರ್."

"ಇದರಲ್ಲಿ ಅಪಾಯ ಇದೆ ಅಮ್ಮಾ. ಈ ಔಷಧ ಸೋಂಕು ತಡೆಯೋ ಶಕ್ತಿಯನ್ನ ಇನ್ನೂ ಇಳಿಸುತ್ತೆ, ನಿಮಗೆ ಬಿಳಿ ಕಣ ಮೊದಲೇ ಇಲ್ಲ. ತಡ ಮಾಡಿ ಒಂದು ಸೋಂಕು ತಗುಲಿದ್ರೆ ಮಜ್ಜೆ ಹಾಕೋ ಅವಕಾಶವೂ ಕೈತಪ್ಪಬಹುದು. ತಾರೀಖನ್ನ ಒಂದು ಸಲ ಮುಂದೂಡ್ತೀನಿ. ಇವತ್ತಿಂದ ಆರು ವಾರ. ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ."

"ಆರು ವಾರ ಸಾಕು," ಎಂದಳು. ಸಾಕೋ ಸಾಲದೋ ಅವಳಿಗೇನು ಗೊತ್ತಿತ್ತು? ಆದರೆ ಕಡ್ಡಿ ಮುರಿದಂತೆ ಹೇಳಿದ್ದರಿಂದ ಕೇಳಿದವರಿಗೆಲ್ಲ ಧೈರ್ಯ ಬಂತು, ಅವಳಿಗೂ.

ಮನೆಯ ಹಿಂದಿನ ಕೋಣೆಯನ್ನು ಗಂಡ ಫಿನಾಯಿಲ್ ಹಾಕಿ ತೊಳೆದ. ಬೆಳಿಗ್ಗೆ ಎಂಟು ಮಾತ್ರೆ, ಮಧ್ಯಾಹ್ನ ಎರಡು, ಸಂಜೆ ಮೂರು. ವಾರಕ್ಕೊಮ್ಮೆ ರಕ್ತಪರೀಕ್ಷೆ. ಯಜಮಾನರು ಕಿಟಕಿಯ ಹೊರಗೆ ನಿಂತು ಮಾತಾಡಿಸಿ ಹೋದರು. ಕಾರ್ಖಾನೆಗೆ ಅಪವಾದ ತಪ್ಪಿತು ಎಂಬ ಸಮಾಧಾನ ಅವರ ಮುಖದಲ್ಲಿ ಕಂಡದ್ದೇ ತಡ, ಅವಳು ಒಳಗಿನಿಂದ ಕೂಗಿದಳು: "ನಿಮ್ಮ ಬಣ್ಣ ಒಳ್ಳೇದು ಅಂತ ಯಾರೂ ಹೇಳಿಲ್ಲ ಯಜಮಾನ್ರೇ. ಆ ಹೆಂಗಸ್ರಿಗೆ ರಬ್ಬರ್ ಗ್ಲೌಸು, ಮೇಲೆ ಎರಡು ಗಾಳಿ ಫ್ಯಾನು ಹಾಕ್ಸಿ. ನಾನು ಬಂದು ನೋಡ್ತೀನಿ." ಯಜಮಾನರು ತಲೆ ಕೆರೆದುಕೊಂಡು, ಆ ವಾರವೇ ಹಾಕಿಸಿದರು.

ಮೊದಲ ವಾರ ಕಣಗಳು ಇದ್ದಲ್ಲೇ ಇದ್ದವು. ಎರಡನೆಯ ವಾರ ಇನ್ನೂ ಇಳಿದವು. ಮಾತ್ರೆಗೆ ಮುಖ ಊದಿ ಹೂರಣ ತುಂಬಿದ ಹಾಗಾಯಿತು. ಕನ್ನಡಿಯ ಮೇಲೆ ಅವಳೇ ಟವೆಲ್ ಹೊದಿಸಿದಳು. ಮೂರನೆಯ ವಾರದ ನಡುವೆ ಜ್ವರ ಬಂತು. ಮತ್ತೆ ಆಸ್ಪತ್ರೆ, ಗಾಜಿನ ಬಾಗಿಲ ಒಂಟಿ ಕೋಣೆ. ಗಂಡನಿಗೆ ಇನ್ನು ತಡೆಯಲಾಗಲಿಲ್ಲ.

"ಸಾಕು ಮಾರಾಯ್ತಿ, ಇದೆಲ್ಲ ಬೇಡ," ಎಂದ. "ಜ್ವರ ಬಿಟ್ಟ ತಕ್ಷಣ ಮಜ್ಜೆ ಹಾಕಿಸ್ಕೊಂಡುಬಿಡು. ನೀನು ಹಟಕ್ಕೆ ಬಿದ್ದು ಸತ್ರೆ ನಾನೇನು ಮಾಡ್ಲಿ?"

ಅವನ ಕಣ್ಣು ತುಂಬಿದ್ದನ್ನು ಅವಳು ಮದುವೆಯಾದ ಮೇಲೆ ಎರಡನೆಯ ಸಲ ನೋಡಿದ್ದು. ಅವಳಿಗೂ ಹೆದರಿಕೆಯಾಯಿತು. ಇಲ್ಲವೆಂದರೆ ಸುಳ್ಳು. ತನ್ನ ಮಜ್ಜೆಯ ಮೇಲೆ ತಾನಿಟ್ಟ ನಂಬಿಕೆಗೆ ಆಧಾರವೇನು, ನಾಲ್ಕು ನೀಲಿ ಬೆರಳೇ? ಆದರೂ ಹೇಳಿದಳು:

"ಕೇಳಿ ಇಲ್ಲಿ. ಬಟ್ಟೆಗೆ ಬಣ್ಣ ಹಿಡೀಲಿಲ್ಲ ಅಂತ ಅರ್ಧಕ್ಕೇ ತೊಟ್ಟಿಯಿಂದ ಎತ್ತಿದ್ರೆ, ಆಮೇಲೆ ಹಿಡೀತಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಆರು ವಾರ ಅಂದಿದ್ದಾರೆ. ಆರು ವಾರ ಮುಗೀಲಿ. ಆಗ್ಲೂ ಏಳ್ದಿದ್ರೆ ನಾನೇ ಹೋಗಿ ಆ ಮಂಚದ ಮೇಲೆ ಮಲಗ್ತೀನಿ, ನೀವು ಹೇಳೋದೂ ಬೇಡ."

ಗಾಜಿನ ಆಚೆ ತಮ್ಮ ನಿಂತಿದ್ದ. ಎಂದಿನಂತೆ ತೋಳು ಮಡಚಿ ತೋರಿಸಿ, ಹಲ್ಲು ಬಿಟ್ಟ. ಅವಳೂ ನಕ್ಕಳು.

ಜ್ವರ ಆರನೆಯ ದಿನಕ್ಕೆ ಬಿಟ್ಟಿತು. ನಾಲ್ಕನೆಯ ವಾರ ಬಿಳಿ ಕಣ ತುಸು ಏರಿತು. ಜ್ವರಕ್ಕೆ ಹಾಗಾಗಿರಬಹುದು, ಸಂಭ್ರಮಪಡಬೇಡಿ ಎಂದರು ಡಾಕ್ಟರು. ಯಾರೂ ಸಂಭ್ರಮಪಡಲಿಲ್ಲ. ಐದನೆಯ ವಾರ ರಕ್ತ ಏರಿಸುವ ದಿನ ಪರೀಕ್ಷೆ ಮಾಡಿದ ನರ್ಸಮ್ಮ, "ಇವತ್ತು ಬೇಡ್ವಂತೆ" ಎಂದು ಬಾಟಲಿಯನ್ನು ವಾಪಸು ಒಯ್ದಳು. ಗಂಡ ಅದನ್ನು ನಂಬದೆ ಹಿಂದೆಯೇ ಹೋಗಿ ಎರಡು ಸಲ ಕೇಳಿ ಬಂದ. ಆರನೆಯ ವಾರ ಮತ್ತೆ ಸೊಂಟಕ್ಕೆ ಆ ದಬ್ಬಣ. ಈ ಸಲ ಅವಳು ಹಲ್ಲು ಕಚ್ಚಲಿಲ್ಲ. ಮಜ್ಜೆ ತೆಗೆಯುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ, "ಜಾಸ್ತಿ ತಗೊಳ್ಳಿ, ಸರಿಯಾಗಿ ನೋಡಿ," ಎಂದು ತಾಕೀತು ಮಾಡಿದಳು.

ಮೂರು ದಿನ ಬಿಟ್ಟು ಎಲ್ಲರೂ ರಕ್ತದ ಡಾಕ್ಟರ ಕೋಣೆಯಲ್ಲಿದ್ದರು: ಅವಳು, ಗಂಡ, ತಮ್ಮ. ಡಾಕ್ಟರು ಕಾಗದ ನೋಡಿದರು, ತಿರುವಿದರು, ಮತ್ತೆ ನೋಡಿದರು. ಅವಳಿಗೆ ಅವರ ಕತ್ತು ಹಿಸುಕಬೇಕೆನಿಸಿತು.

"ಎದ್ದಿದೆ," ಎಂದರು ಡಾಕ್ಟರು. "ಪೂರ್ತಿ ಅಲ್ಲ, ಆದ್ರೆ ಮೂರೂ ಥರದ ಎಳೆಯ ಕಣಗಳು ಹುಟ್ಟುತ್ತಿವೆ. ತಮ್ಮನ ಮಜ್ಜೆ ಈಗ ಬೇಡ. ಲೂಪಸ್ ಇದ್ದೇ ಇರುತ್ತೆ, ಮಾತ್ರೆ ಬಹುಶಃ ಜೀವಮಾನ ಪೂರ್ತಿ. ಕಡಿಮೆ ಮಾಡ್ತಾ ಹೋಗ್ತೀವಿ, ನಿಲ್ಲಿಸೋ ಹಾಗಿಲ್ಲ. ತಿಂಗಳಿಗೊಮ್ಮೆ ಬರಬೇಕು."

"ಬರ್ತೀನಿ ಸಾರ್. ಮೊದಲು ಬರೆದಿದ್ರಲ್ಲ, ಬಣ್ಣದಿಂದ ಅಂತ, ಅದನ್ನ ಹೊಡೆದುಹಾಕಿ. ಇನ್ನೊಬ್ಬ ಡಾಕ್ಟರು ಅದನ್ನ ಓದಿ ಮತ್ತೆ ಅಲ್ಲಿಗೇ ನಿಲ್ಲೋದು ಬೇಡ."

ಡಾಕ್ಟರು ಫೈಲು ತೆರೆದು, ಅವಳ ಎದುರಿಗೇ ಗೆರೆ ಎಳೆದು, ಹೊಸ ಹೆಸರು ಬರೆದರು. ಗಂಡ ಅವರ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳತೊಡಗಿದ. ಅಷ್ಟರಲ್ಲಿ ತಮ್ಮ ಕೋಣೆಯಲ್ಲಿರಲಿಲ್ಲ.

ಅವನು ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಭುಜ ಅದುರುತ್ತಿತ್ತು. ನಲವತ್ತು ದಾಟಿದ ಗಂಡಸು, ಸೊಂಟದ ಮೇಲಿದ್ದಾಗ ಹೇಗೆ ಬಿಕ್ಕುತ್ತಿದ್ದನೋ ಹಾಗೇ ಬಿಕ್ಕುತ್ತಿದ್ದ.

"ಯಾಕೋ? ಒಳ್ಳೇ ಸುದ್ದಿ ತಾನೇ?"

"ಬೈಬೇಡ ಅಕ್ಕಾ." ಅವನು ತಿರುಗಲಿಲ್ಲ. "ನಂಗೆ ತುಂಬಾ ಹೆದರಿಕೆ ಆಗಿತ್ತು. ಮೈಯೆಲ್ಲ ತೂತು ಮಾಡ್ತಾರೆ, ಎದ್ದೇಳ್ತೀನೋ ಇಲ್ವೋ ಅಂತ. ದಿನಾ ಬೇಡ್ಕೊಳ್ತಿದ್ದೆ, ಆ ತಾರೀಖು ಬರದೇ ಇರ್ಲಿ ಅಂತ. ನಿಂಗೆ ಗುಣ ಆಗ್ಲಿ ಅಂತ ಬೇಡ್ಕೋಬೇಕಾದ ಹೊತ್ನಲ್ಲಿ ನಾನು ನನ್ನ ಬಗ್ಗೆ ಬೇಡ್ಕೊಳ್ತಿದ್ದೆ."

ಅವಳು ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಇನ್ನೂ ಬೇಗ ದಣಿವಾಗುತ್ತಿತ್ತು.

"ನಿಂಗೆ ಹೆದರಿಕೆ ಅಂತ ನಂಗೆ ಗೊತ್ತಿತ್ತು ಕಣೋ," ಎಂದಳು. "ನೀನು ತೋಳು ಉಬ್ಬಿಸಿ ತೋರಿಸಿದಾಗ ಬಣ್ಣ ಬಿಟ್ಟಿದ್ದ ನಿನ್ನ ಮುಖ ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ?"

ಅವನು ತಿರುಗಿದ. "ಗೊತ್ತಿದ್ರೂ ನನ್ನದು ತಗೋತಿದ್ಯಾ?"

"ತಗೋತಿದ್ದೆ. ಬೇರೆ ದಾರಿ ಇಲ್ಲ ಅಂದಿದ್ರೆ ನಿನ್ನ ಕಿವಿ ಹಿಡಿದು ಎಳ್ಕೊಂಡು ಬಂದು ತಗೋತಿದ್ದೆ. ನಂಗೆ ಬದುಕಬೇಕಿತ್ತು." ಅವಳು ಎದ್ದು ನಿಲ್ಲಲು ಅವನ ಕಡೆ ಕೈ ಚಾಚಿದಳು. "ಅದಕ್ಕೇ ಬೇರೆ ದಾರಿ ಇದೆಯಾ ಅಂತ ಅಷ್ಟು ಹುಡುಕಿದ್ದು."